ಏಳು ಮಾತುಗಳು, ಏಳು ವಿಳಂಬಗಳು: ಹೈಡನ್ ಅವರ ಶಿಲುಬೆ ಸಂಗೀತದ ಒಂದು ಧ್ವನಿಮುದ್ರಿಕೆ

ಪವಿತ್ರ ಶುಕ್ರವಾರದ ನಡುಹಗಲು ಹನ್ನೆರಡರಿಂದ ಮೂರರವರೆಗೆ, ಶಿಲುಬೆಯ ಮೇಲಿಂದ ಯೇಸುಸ್ವಾಮಿ ನುಡಿದ ಏಳು ಮಾತುಗಳನ್ನು ಒಂದೊಂದಾಗಿ ಧ್ಯಾನಿಸುವ ಪದ್ಧತಿಯನ್ನು ನಮ್ಮ ಹಿರಿಯ ವಿಶ್ವಾಸಿಗಳು ಚೆನ್ನಾಗಿ ಬಲ್ಲರು. ಈ ಭಕ್ತಿಕ್ರಿಯೆ ಹುಟ್ಟಿದ್ದು ರೋಮಿನಲ್ಲಲ್ಲ, ಯೂರೋಪಿನ ಬೇರಾವ ನಗರದಲ್ಲಿಯೂ ಅಲ್ಲ. ದಕ್ಷಿಣ ಅಮೆರಿಕದ ಪೆರು ದೇಶದ ಲಿಮಾ ಪಟ್ಟಣದಲ್ಲಿ. 1687ರಲ್ಲಿ ಲಿಮಾ ಭೂಕಂಪಕ್ಕೆ ತುತ್ತಾಯಿತು. ಆ ದುರಂತದ ನಂತರದ ದಿನಗಳಲ್ಲಿ ಅಲ್ಲಿನ ಯೇಸುಸಭೆಯ ಗುರು ಅಲೋನ್ಸೊ ಮೆಸಿಯಾ ಅವರು ಜನರನ್ನು ಶಿಲುಬೆಯ ಬುಡದಲ್ಲಿ ಮೂರು ಗಂಟೆಗಳ ಕಾಲ ಕೂಡಿಸುವ ಈ ಪ್ರಾರ್ಥನೆಯನ್ನು ಬೆಳೆಸಿದರು. ಕಾಲಿನ ಕೆಳಗಿನ ನೆಲವೇ ನಂಬಿಕೆಗೆ ಅರ್ಹವಲ್ಲವೆಂದು ಕಂಡ ಜನರು ಹುಡುಕಿಕೊಂಡ ಆಸರೆ ಅದು. ಮುಂದೆ ಅದು ಸಮುದ್ರ ದಾಟಿ ಸ್ಪೇನಿಗೆ ಬಂತು, ಅಲ್ಲಿಂದ ಜಗತ್ತಿನೆಲ್ಲೆಡೆ ಹರಡಿತು.

ಈ ಪ್ರಾರ್ಥನೆಗಾಗಿಯೇ ಬರೆದ ಒಂದು ವಾದ್ಯಸಂಗೀತ ಕೃತಿಯಿದೆ. ಅದರ ಕರ್ತೃ ಆಸ್ಟ್ರಿಯಾದ ಜೋಸೆಫ್ ಹೈಡನ್. ಆ ಕೃತಿಯ ಹಲವು ಧ್ವನಿಮುದ್ರಿಕೆಗಳು ಬಂದಿವೆ. ನಾನು ಇಲ್ಲಿ ಬರೆಯಹೊರಟಿರುವುದು ಅವುಗಳಲ್ಲಿ ಒಂದನ್ನು ಕುರಿತು: ಜೋರ್ಡಿ ಸವಾಲ್ ಅವರ ನೇತೃತ್ವದಲ್ಲಿ 'ಲ ಕೊನ್ಸೇರ್ ದೆ ನಾಸ್ಯೋಂ' ವಾದ್ಯವೃಂದವು 2006ರಲ್ಲಿ ನುಡಿಸಿ ಮುದ್ರಿಸಿದ್ದು. ಸವಾಲ್ ಅವರದೇ ಸಂಸ್ಥೆಯಾದ ಅಲಿಯಾ ವಾಕ್ಸ್ ಅದನ್ನು ಹೊರತಂದಿತು. ಮುದ್ರಣ ನಡೆದದ್ದು ಸ್ಟುಡಿಯೋದಲ್ಲಲ್ಲ. ಯಾವ ಪೂಜಾಮಂದಿರಕ್ಕಾಗಿ ಈ ಸಂಗೀತ ಹುಟ್ಟಿತೋ ಅದೇ ಮಂದಿರದಲ್ಲಿ, ಸ್ಪೇನಿನ ಕಾದಿಸ್ ಬಂದರುಪಟ್ಟಣದ ಸಾಂತಾ ಕ್ವೇವಾದಲ್ಲಿ. ಆ ಹೆಸರಿನ ಅರ್ಥ 'ಪವಿತ್ರ ಗುಹೆ'.

ಕಾಣದ ಊರಿಗೆ ಬರೆದ ಸಂಗೀತ

ಸಾಂತಾ ಕ್ವೇವಾ ನೆಲದಡಿಯ ಪ್ರಾರ್ಥನಾಲಯ. ಹೋಸೆ ಸಾಯೆನ್ಸ್ ದೆ ಸಾಂತಾ ಮರಿಯಾ ಎಂಬ ಶ್ರೀಮಂತ ಮನೆತನದ ಗುರುಗಳೊಬ್ಬರು ತಮ್ಮ ಸಂಪತ್ತನ್ನು ಸುರಿದು ಅದನ್ನು ಹೊಸದಾಗಿ ಕಟ್ಟಿಸಿದರು. ಶುಕ್ರವಾರದ ಧ್ಯಾನಕ್ಕೆ ತಕ್ಕ ಸಂಗೀತ ಬೇಕೆಂದು ಹೈಡನ್ ಅವರಿಗೆ ಬೇಡಿಕೆ ಹೋದದ್ದು ಅಲ್ಲಿಂದ. ಆಗ ಹೈಡನ್ ಐವತ್ತು ದಾಟಿದ್ದರು. ಎಸ್ಟರ್‌ಹಾಜಿ ಅರಸುಮನೆಯ ಸಂಗೀತ ಮುಖ್ಯಸ್ಥರಾಗಿದ್ದ ಅವರು ಕಾದಿಸನ್ನು ಅಂದೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. 1801ರಲ್ಲಿ ಈ ಕೃತಿಯ ಗಾಯನರೂಪ ಅಚ್ಚಾದಾಗ ಬರೆದ ಮುನ್ನುಡಿಯಲ್ಲಿ, ತಾವು ಕೇಳಿ ತಿಳಿದಿದ್ದ ಆ ಆಚರಣೆಯನ್ನು ಅವರು ವರ್ಣಿಸಿದ್ದಾರೆ. ದೇವಾಲಯದ ಗೋಡೆ, ಕಿಟಕಿ, ಕಂಬಗಳಿಗೆಲ್ಲ ಕಪ್ಪು ಬಟ್ಟೆ. ನಡುವೆ ತೂಗುಬಿಟ್ಟ ಒಂದೇ ಒಂದು ದೊಡ್ಡ ದೀಪ. ಮಧ್ಯಾಹ್ನಕ್ಕೆ ಬಾಗಿಲುಗಳೆಲ್ಲ ಮುಚ್ಚುತ್ತವೆ. ಧರ್ಮಾಧ್ಯಕ್ಷರು ಪ್ರವಚನಪೀಠವನ್ನೇರಿ ಏಳು ಮಾತುಗಳಲ್ಲಿ ಒಂದನ್ನು ಉಚ್ಚರಿಸಿ ಅದನ್ನು ವಿವರಿಸುತ್ತಾರೆ. ಆಮೇಲೆ ಕೆಳಗಿಳಿದು ಪೀಠದ ಮುಂದೆ ಮೊಣಕಾಲೂರುತ್ತಾರೆ. ಆ ಮೌನವನ್ನು ತುಂಬಬೇಕಾದದ್ದು ಸಂಗೀತ. ಹೀಗೆ ಏಳು ಬಾರಿ.

ಪ್ರತಿಯೊಂದೂ ಸುಮಾರು ಹತ್ತು ನಿಮಿಷದ ಏಳು ವಿಳಂಬ ರಚನೆಗಳನ್ನು ಒಂದರ ಹಿಂದೊಂದು, ಕೇಳುಗನಿಗೆ ಆಯಾಸವಾಗದಂತೆ ಬರೆಯುವುದು ಸುಲಭವಾಗಿರಲಿಲ್ಲವೆಂದು ಹೈಡನ್ ಅದೇ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾರೆ. ಈ ಕೃತಿಯ ಪ್ರಶ್ನೆಯೆಲ್ಲ ಈ ಒಪ್ಪಿಗೆಯಲ್ಲಿದೆ. ಒಂದು ಪ್ರಸ್ತಾವನೆ, ಏಳು 'ಸೊನಾಟಾ'ಗಳು, ಕೊನೆಗೆ ಒಂದು ಭೂಕಂಪ: ಒಟ್ಟು ಒಂಬತ್ತು ಭಾಗಗಳು. ಅವುಗಳಲ್ಲಿ ಎಂಟು ನಿಧಾನಗತಿಯವು. ಸಂಗೀತಗಾರನಿಗೆ ವೈವಿಧ್ಯ ತರಲು ಇರುವ ಮೊದಲ ಉಪಾಯವೇ ಗತಿಯ ಬದಲಾವಣೆ. ಆ ಉಪಾಯವನ್ನು ಇಲ್ಲಿ ಕಿತ್ತುಕೊಳ್ಳಲಾಗಿದೆ. ಹಾಗಾದರೆ ಕ್ಷಮೆಯ ಮಾತಿಗೂ ದಾಹದ ಮಾತಿಗೂ, ತಾಯಿಯನ್ನು ಒಪ್ಪಿಸಿಕೊಡುವ ಮಾತಿಗೂ ತಂದೆಯಿಂದ ತೊರೆಯಲ್ಪಟ್ಟ ಕೂಗಿಗೂ ಇರುವ ಅಂತರವನ್ನು ತೋರಿಸುವುದು ಹೇಗೆ?

ವಿಳಂಬವೆಂದರೆ ದುಃಖವಲ್ಲ

ನಿಧಾನವಾದ ಹಾಡೆಲ್ಲ ಶೋಕದ ಹಾಡು ಎಂಬ ತಪ್ಪು ಕಲ್ಪನೆ ನಮ್ಮ ಗಾಯನವೃಂದಗಳಲ್ಲಿ ಬೇರೂರಿದೆ. ತಪಸ್ಸುಕಾಲ ಬಂದೊಡನೆ ಎಲ್ಲ ಹಾಡುಗಳನ್ನೂ ಎಳೆದೆಳೆದು ಹಾಡುತ್ತೇವೆ. ಎಳೆದಷ್ಟೂ ಭಕ್ತಿ ಹೆಚ್ಚೆಂದು ತಿಳಿಯುತ್ತೇವೆ. ಆದರೆ ಧಾರವಾಡದ ಸೀಮೆಯ ಗಾಯಕರ ವಿಳಂಬ ಖ್ಯಾಲನ್ನು ಕೇಳಿದ ಯಾರಿಗೇ ಆದರೂ ಗೊತ್ತು, ಅಲ್ಲಿ ನಿಧಾನವೆಂದರೆ ಅಳುವಲ್ಲ. ಒಂದು ಸ್ವರದ ಬಳಿ ಕುಳಿತು ಅದರ ಒಳಗನ್ನೆಲ್ಲ ನೋಡಲು ಬೇಕಾದ ಬಿಡುವು ಅದು. ಹೈಡನ್ ಅವರ ವಿಳಂಬವೂ ಅಂಥದೇ.

ಅವರು ಎಲ್ಲ ಭಾಗಗಳಿಗೂ ಒಂದೇ ಸೂಚನೆ ಬರೆದಿಲ್ಲವೆಂಬುದನ್ನು ಗಮನಿಸಬೇಕು. ಒಂದನೆಯ, ನಾಲ್ಕನೆಯ ಮತ್ತು ಏಳನೆಯ ಮಾತುಗಳಿಗೆ 'ಲಾರ್ಗೊ', ಅಂದರೆ ವಿಶಾಲವಾಗಿ. ಎರಡನೆಯದಕ್ಕೆ 'ಗ್ರಾವೆ ಎ ಕಾಂತಾಬಿಲೆ', ಗಂಭೀರವಾಗಿ ಆದರೆ ಹಾಡಿನಂತೆ. ಮೂರನೆಯದಕ್ಕೆ ಬರಿಯ 'ಗ್ರಾವೆ'. ದಾಹದ ಮಾತಿಗೆ 'ಅಡಾಜಿಯೊ'. ಎಲ್ಲವೂ ನೆರವೇರಿತೆಂಬ ಮಾತಿಗೆ 'ಲೆಂತೊ'. ಇವೆಲ್ಲವೂ ನಿಧಾನವೇ. ಆದರೆ ಹೊಲದಿಂದ ಮರಳುವವನ ನಿಧಾನ ಒಂದು ಬಗೆಯಾದರೆ, ರೋಗಿಯ ಹಾಸಿಗೆಯ ಬಳಿ ಹೆಜ್ಜೆಯಿಡುವವನ ನಿಧಾನ ಮತ್ತೊಂದು ಬಗೆ.

ಸವಾಲ್ ಅವರ ಮುದ್ರಿಕೆಯ ಮೊದಲ ಹಿರಿಮೆಯೆಂದರೆ ಈ ವ್ಯತ್ಯಾಸ ಕಿವಿಗೆ ಕೇಳಿಸುವುದು. ಭಕ್ತಿಯ ಹೆಸರಿನಲ್ಲಿ ಅವರು ಗತಿಯನ್ನು ಜಗ್ಗುವುದಿಲ್ಲ. ವಾದ್ಯಗಳು ಹೈಡನ್ ಕಾಲದ ಮಾದರಿಯವು. ಪಿಟೀಲುಗಳಿಗೆ ಇಂದಿನ ಲೋಹದ ತಂತಿಗಳಲ್ಲ, ಪ್ರಾಣಿಯ ಕರುಳಿನಿಂದ ಮಾಡಿದ ಹಳೆಯ ಬಗೆಯ ತಂತಿಗಳು. ಅವುಗಳ ನಾದದಲ್ಲಿ ನುಣುಪು ಕಡಿಮೆ, ಉಸಿರು ಹೆಚ್ಚು. ಇಂದಿನ ದೊಡ್ಡ ವಾದ್ಯವೃಂದಗಳು ಪ್ರತಿಯೊಂದು ಸ್ವರವನ್ನೂ ಕಂಪಿಸಿ ಬೆಚ್ಚಗಾಗಿಸುತ್ತವೆ. ಇಲ್ಲಿ ಸ್ವರವು ಹುಟ್ಟಿ, ನಿಂತು, ತಾನಾಗಿ ಕ್ಷೀಣಿಸುತ್ತದೆ. ಆ ಕ್ಷೀಣಿಸುವ ಎಡೆಯಲ್ಲಿ ಮುಂದಿನ ಸ್ವರಕ್ಕಾಗಿ ಕಾಯುತ್ತೇವೆ. ಹಾಗೆ ಕಾಯುವುದರಲ್ಲಿಯೇ ನಿಧಾನಕ್ಕೆ ಅರ್ಥ ಬರುತ್ತದೆ.

ನೆಲೆ ಬದಲಾಗುವ ಷಡ್ಜ

ಗತಿಯಿಂದ ಆಗದ ಕೆಲಸವನ್ನು ಹೈಡನ್ ಮಾಡಿಸಿಕೊಂಡದ್ದು ಸ್ವರನೆಲೆಗಳಿಂದ. ನಮ್ಮ ಗಾಯನವೃಂದದವರು ಇದನ್ನು 'ಸ್ಕೇಲ್' ಎನ್ನುತ್ತಾರೆ. ನಮ್ಮ ನಾಡಿನ ಸಂಗೀತದಲ್ಲಿ ಕಛೇರಿ ಮುಗಿಯುವವರೆಗೆ ಷಡ್ಜ ಕದಲುವುದಿಲ್ಲ. ತಂಬೂರಿ ಹಿಡಿದ ಶ್ರುತಿಯೇ ಎಲ್ಲಕ್ಕೂ ನೆಲ. ಪಾಶ್ಚಾತ್ಯ ಸಂಗೀತದಲ್ಲಿ ಈ ನೆಲವೇ ಬದಲಾಗಬಹುದು. ಅದರ ಮೇಲೆ ಮೇಜರ್ ಎಂಬ ಬೆಳಕಿನ ಬಣ್ಣವನ್ನೋ ಮೈನರ್ ಎಂಬ ನೆರಳಿನ ಬಣ್ಣವನ್ನೋ ಹರಡಬಹುದು. ಏಳು ಮಾತುಗಳಿಗೂ ಹೈಡನ್ ಬೇರೆ ಬೇರೆ ನೆಲೆಯನ್ನು ಆರಿಸಿದ್ದಾರೆ.

ಪ್ರಸ್ತಾವನೆ ಡಿ ಮೈನರ್‌ನಲ್ಲಿದೆ. ಗಂಭೀರವಾದ, ಮುರಿದು ಮುರಿದು ಬರುವ ತಾಳದಲ್ಲಿ ಬಾಗಿಲು ಮುಚ್ಚಿದ ದೇವಾಲಯದ ಕತ್ತಲು ಕಣ್ಣೆದುರು ಕಟ್ಟುತ್ತದೆ. ಅಲ್ಲಿಂದ ಮೊದಲ ಮಾತಿಗೆ, ಕೊಲ್ಲುವವರಿಗಾಗಿ ಕ್ಷಮೆ ಬೇಡುವ ಮಾತಿಗೆ ಬಂದರೆ ಬಿ ಫ್ಲ್ಯಾಟ್ ಮೇಜರ್. ಎರಡನೆಯ ಮಾತು, ಪಶ್ಚಾತ್ತಾಪಪಟ್ಟ ಕಳ್ಳನಿಗೆ ಕೊಟ್ಟ ವಾಗ್ದಾನ, ಸಿ ಮೈನರ್. ತಾಯಿ ಮರಿಯಮ್ಮನವರನ್ನು ಶಿಷ್ಯನಿಗೆ ಒಪ್ಪಿಸುವ ಮಾತು ಇ ಮೇಜರ್. ತೊರೆಯಲ್ಪಟ್ಟವನ ಕೂಗು ಎಫ್ ಮೈನರ್. ದಾಹ ಎ ಮೇಜರ್. ಎಲ್ಲವೂ ನೆರವೇರಿತೆಂಬ ಮಾತು ಜಿ ಮೈನರ್. ತಂದೆಯ ಕೈಗೆ ಆತ್ಮವನ್ನು ಒಪ್ಪಿಸುವ ಕೊನೆಯ ಮಾತು ಇ ಫ್ಲ್ಯಾಟ್ ಮೇಜರ್.

ಈ ಪಟ್ಟಿಯನ್ನು ಮತ್ತೊಮ್ಮೆ ನೋಡೋಣ. ಮನುಷ್ಯನೊಬ್ಬನ ಮರಣಯಾತನೆಯನ್ನು ಚಿತ್ರಿಸುವ ಏಳು ರಚನೆಗಳಲ್ಲಿ ನಾಲ್ಕು ಮೇಜರ್‌ನಲ್ಲಿವೆ. ಉಳಿದ ಮೂರರಲ್ಲಿಯೂ ಎರಡು, ಅಂದರೆ ಎರಡನೆಯ ಮತ್ತು ಆರನೆಯ ಮಾತುಗಳು, ಮೈನರ್‌ನಲ್ಲಿ ಹುಟ್ಟಿ ಮೇಜರ್‌ನಲ್ಲಿ ಮುಗಿಯುತ್ತವೆ. ನೆರಳಿನಲ್ಲಿ ತೊಡಗಿ ನೆರಳಿನಲ್ಲಿಯೇ ಕೊನೆಗೊಳ್ಳುವುದು ಒಂದೇ ಒಂದು: ನಾಲ್ಕನೆಯ ಮಾತು. ಏಳರ ನಡುವೆ, ಹಿಂದೆ ಮೂರು ಮುಂದೆ ಮೂರು ಮಾತುಗಳಿರುವಂತೆ, ಆ ಕತ್ತಲೆ ಒಂಟಿಯಾಗಿ ನಿಂತಿದೆ. ದೈವಶಾಸ್ತ್ರದ ತರಗತಿಯಲ್ಲಿ ನಾವು ಅನೇಕ ವಾರ ಚರ್ಚಿಸುವ ವಿಷಯವನ್ನು ಹೈಡನ್ ಸ್ವರನೆಲೆಗಳ ಜೋಡಣೆಯಲ್ಲಿಯೇ ಹೇಳಿದ್ದಾರೆಂದು ನನಗೆ ತೋರುತ್ತದೆ. ಯಾತನೆ ಇದೆ, ಅದು ನಿಜ, ಅದರ ಒಂದು ಘಳಿಗೆಗೆ ಯಾವ ಸಮಾಧಾನವೂ ಇಲ್ಲ. ಆದರೆ ಅದು ಕೊನೆಯ ಮಾತಲ್ಲ.

ಮೇಜರ್ ಎಂದಾಕ್ಷಣ ಸಂತೋಷವೆಂದು ಭಾವಿಸಬೇಕಾಗಿಲ್ಲ. ಮೂರನೆಯ ಮಾತಿನ ಇ ಮೇಜರ್‌ನಲ್ಲಿ ನನಗೆ ಕೇಳಿಸುವುದು ಮೃದುತ್ವ. ಮಗನು ತಾಯಿಯೊಡನೆ ಆಡುವ ಕಡೆಯ ಮಾತಿನಲ್ಲಿ ತನ್ನ ನೋವನ್ನು ಅಡಗಿಸಿಕೊಳ್ಳುತ್ತಾನಲ್ಲವೇ? ಸಾಯುವವರ ಬಳಿ ಕುಳಿತು ಎಣ್ಣೆ ಹಚ್ಚಿದ ಅನುಭವವಿರುವ ಯಾವ ಗುರುವಿಗೂ ಆ ದನಿ ಅಪರಿಚಿತವಲ್ಲ.

ಎರಡು ಭಾಗಗಳು, ಎರಡು ಕ್ಷಣಗಳು

ಎರಡನೆಯ ಮಾತಿನ ರಚನೆಯನ್ನು ಸ್ವಲ್ಪ ಹತ್ತಿರದಿಂದ ಕೇಳಬೇಕು. ಅದರ ಹಾಡಿನಂಥ ರಾಗ ಮೊದಲು ಸಿ ಮೈನರ್‌ನಲ್ಲಿ ಬರುತ್ತದೆ. ಅದು ಕಳ್ಳನ ದನಿಯೋ ಪ್ರಭುವಿನದೋ ಹೇಳಲಾಗದು. ಮುಂದೆ ಅದೇ ರಾಗ ಸಿ ಮೇಜರ್‌ನಲ್ಲಿ ಮರಳುತ್ತದೆ. ರಾಗದ ಆಕಾರ ಬದಲಾಗಿಲ್ಲ, ಗತಿ ಬದಲಾಗಿಲ್ಲ; ಬಿದ್ದ ಬೆಳಕು ಮಾತ್ರ ಬದಲಾಗಿದೆ. ಕಳ್ಳನ ಸ್ಥಿತಿಯೂ ಹಾಗೆಯೇ. ಅವನನ್ನು ಶಿಲುಬೆಯಿಂದ ಇಳಿಸಲಿಲ್ಲ, ಮೊಳೆಗಳನ್ನು ಕೀಳಲಿಲ್ಲ. ಅವನು ಇದ್ದಲ್ಲಿಯೇ ಇದ್ದಾನೆ, ಆದರೆ ಎಲ್ಲವೂ ಬೇರೆಯಾಗಿದೆ. ಸವಾಲ್ ಈ ತಿರುವಿನಲ್ಲಿ ವಾದ್ಯಗಳನ್ನು ಮೇಲೆತ್ತುವುದಿಲ್ಲ, 'ನೋಡಿ' ಎಂದು ಬೆರಳು ತೋರುವುದಿಲ್ಲ. ಬೆಳಕು ತಾನಾಗಿ ಬರಲು ಬಿಡುತ್ತಾರೆ.

ಐದನೆಯದು ಲ್ಯಾಟಿನ್ನಿನಲ್ಲಿ ಒಂದೇ ಪದ, ಮೂರೇ ಅಕ್ಷರ: 'ಸಿತಿಯೊ'. ಹೈಡನ್ ಪ್ರತಿಯೊಂದು ಭಾಗದ ಮೊದಲ ಸ್ವರಗಳನ್ನು ಆಯಾ ಲ್ಯಾಟಿನ್ ಮಾತಿನ ಉಚ್ಚಾರಕ್ಕೆ ಹೊಂದುವಂತೆ ರಚಿಸಿದ್ದರು. ಮೊದಲ ಮುದ್ರಣದಲ್ಲಿ ಆ ಮಾತುಗಳನ್ನು ಪಿಟೀಲಿನ ಸಾಲಿನ ಕೆಳಗೆ ಅಚ್ಚು ಹಾಕಿಸಿದ್ದರು. ಇಲ್ಲಿ ಕೆಳಗಿನ ತಂತಿವಾದ್ಯಗಳನ್ನು ಕಮಾನಿನಿಂದ ಉಜ್ಜದೆ ಬೆರಳಿನಿಂದ ಮೀಟುತ್ತಾರೆ. ಸಣ್ಣ, ಒಣ ಸದ್ದು, ಹನಿ ಬಿದ್ದಂತೆ. ಅದರ ಮೇಲೆ ಎರಡೇ ಸ್ವರಗಳು ಕೆಳಗಿಳಿಯುತ್ತವೆ. ನಲ್ಲಿಯ ಹನಿಯನ್ನು ಎಣಿಸುತ್ತಾ ಕೊಡ ಹಿಡಿದು ಕುಳಿತ ನಮ್ಮ ಬಯಲುಸೀಮೆಯ ತಾಯಂದಿರಿಗೆ ಈ ಸಂಗೀತವನ್ನು ವಿವರಿಸಬೇಕಾಗಿಲ್ಲ. ಆಮೇಲೆ ಏಕಾಏಕಿ ಇಡೀ ವಾದ್ಯವೃಂದ ಒರಟಾಗಿ ಎರಗುತ್ತದೆ. ಆಗ ಹಿಂದಿನ ಹನಿಗಳು ನೀರಲ್ಲ, ನೀರಿನ ನೆನಪೆಂದು ಹೊಳೆಯುತ್ತದೆ. ಕರುಳಿನ ತಂತಿಗಳ ಮೀಟು ಬೇಗ ಒಣಗಿಹೋಗುವುದರಿಂದ ಈ ಪರಿಣಾಮ ಸವಾಲ್ ಅವರಲ್ಲಿ ವಿಶೇಷವಾಗಿ ತೀಕ್ಷ್ಣ.

ಆರನೆಯ ಮಾತು ಐದು ಸ್ವರಗಳಿಂದ ತೊಡಗುತ್ತದೆ. ಎಲ್ಲ ವಾದ್ಯಗಳೂ ಒಂದೇ ಸ್ವರಸಾಲನ್ನು ಒಟ್ಟಿಗೆ ನುಡಿಸುತ್ತವೆ. ಏಳನೆಯದರಲ್ಲಿ ಪಿಟೀಲುಗಳ ಕುದುರೆಗೆ ತಡೆ ತೊಡಿಸಿ ದನಿಯನ್ನು ಮಬ್ಬಾಗಿಸಿದ್ದಾರೆ. ಉಸಿರು ನಿಲ್ಲುವುದು ಯಾವ ಸ್ವರದಲ್ಲಿ ಎಂದು ತಿಳಿಯದಷ್ಟು ಮೆಲ್ಲಗೆ ಅದು ಮುಗಿಯುತ್ತದೆ.

ಕೂಡಲೇ ಭೂಕಂಪ. ಸಿ ಮೈನರ್, 'ಪ್ರೆಸ್ತೊ', ಇದ್ದ ಬಲವನ್ನೆಲ್ಲ ಹಾಕಿ ನುಡಿಸಬೇಕೆಂಬ ಸೂಚನೆ. ಕೊನೆಯಲ್ಲಿ ಆ ಕಾಲದ ಸಂಗೀತದಲ್ಲಿ ಅಪರೂಪವಾಗಿದ್ದ ಅತ್ಯಂತ ಜೋರಿನ ಗುರುತು. ಒಂದು ಗಂಟೆಯಷ್ಟು ಕಾಲ ನಿಧಾನಕ್ಕೆ ಒಗ್ಗಿದ ಕಿವಿಗೆ ಇದೊಂದೇ ವೇಗದ ಭಾಗ ನಿಜವಾಗಿಯೂ ನೆಲ ಕುಸಿದ ಅನುಭವ ಕೊಡುತ್ತದೆ. ಹೈಡನ್ ಅವರ ಯುಕ್ತಿ ಈಗ ಅರ್ಥವಾಗುತ್ತದೆ: ವಿಳಂಬಗಳಲ್ಲಿ ಒಂದನ್ನು ಬಿಟ್ಟು ಕೇಳಿದರೂ ಈ ಕಂಪದ ಬಲ ಕುಗ್ಗುತ್ತದೆ. ಇದು ಮತ್ತಾಯನ ಶುಭಸಂದೇಶದ ಭೂಕಂಪ. ಲಿಮಾದ ಜನರನ್ನು ಈ ಪ್ರಾರ್ಥನೆಗೆ ತಂದದ್ದೂ ಭೂಕಂಪವೇ. ಕಾದಿಸ್ ಕೂಡ 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಲಿಸ್ಬನ್ ಭೂಕಂಪದ ಸಮುದ್ರದಲೆಗೆ ಸಿಕ್ಕಿ ನಲುಗಿತ್ತು. ಸಾಂತಾ ಕ್ವೇವಾದಲ್ಲಿ ಮೊದಲ ಬಾರಿಗೆ ಇದನ್ನು ಕೇಳಿದವರ ನಡುವೆ ಆ ದಿನವನ್ನು ಕಂಡ ಹಿರಿಯರು ಇದ್ದಿರಬೇಕು.

ಇಬ್ಬರು ವ್ಯಾಖ್ಯಾನಕಾರರು

ಈ ಮುದ್ರಿಕೆಯ ಜೊತೆಗಿರುವ ಪುಸ್ತಿಕೆಯೂ ಗಮನಾರ್ಹ. ಏಳು ಮಾತುಗಳಿಗೆ ಇಬ್ಬರು ವ್ಯಾಖ್ಯಾನ ಬರೆದಿದ್ದಾರೆ. ಒಬ್ಬರು ರೈಮೊನ್ ಪಣಿಕ್ಕರ್: ಬಾರ್ಸಿಲೋನಾದಲ್ಲಿ ಭಾರತೀಯ ಹಿಂದೂ ತಂದೆಗೂ ಕಥೋಲಿಕ ತಾಯಿಗೂ ಹುಟ್ಟಿದವರು, ಗುರುಪಟ್ಟ ಪಡೆದವರು, 1950ರ ದಶಕದಲ್ಲಿ ಭಾರತಕ್ಕೆ ಬಂದು ನಮ್ಮ ಮೈಸೂರು ವಿಶ್ವವಿದ್ಯಾಲಯದಲ್ಲಿಯೂ ಕಾಶಿಯಲ್ಲಿಯೂ ಅಧ್ಯಯನ ಮಾಡಿದವರು. ಇನ್ನೊಬ್ಬರು ಪೋರ್ಚುಗಲ್ಲಿನ ಕಾದಂಬರಿಕಾರ ಜೋಸೆ ಸರಮಾಗೊ: 1998ರ ನೊಬೆಲ್ ಪುರಸ್ಕೃತರು, ತಾವು ನಾಸ್ತಿಕರೆಂದು ಬಹಿರಂಗವಾಗಿ ಹೇಳಿಕೊಂಡವರು. ಯೇಸುವನ್ನು ಕುರಿತ ಅವರ ಕಾದಂಬರಿ ಧರ್ಮಸಭೆಯಲ್ಲಿ ಅನೇಕರನ್ನು ನೋಯಿಸಿತ್ತು. ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 2010ರಲ್ಲಿ.

ನಂಬುವವನೊಬ್ಬ, ನಂಬದವನೊಬ್ಬ ಒಂದೇ ಶಿಲುಬೆಯ ಎರಡು ಬದಿಗೆ. ಇದನ್ನು ಕಂಡು ಮುಖ ಸಿಂಡರಿಸುವ ಓದುಗರಿರಬಹುದು; ನನಗೂ ಮೊದಲು ಹಾಗೆನಿಸಿತ್ತು. ಆದರೆ ಕಲ್ವಾರಿಯಲ್ಲಿಯೂ ಎರಡು ಬದಿಗೆ ಇಬ್ಬರಿದ್ದರು. ಪ್ರಭು ಇಬ್ಬರ ಮಾತನ್ನೂ ಕೇಳಿಸಿಕೊಂಡರು. ನಾಲ್ಕನೆಯ ಮಾತಿನ ಎಫ್ ಮೈನರ್‌ನಲ್ಲಿ ಮೊದಲ ಪಿಟೀಲು ಒಂದೊಂದು ಕಡೆ ಜೊತೆಗಾರರಿಲ್ಲದೆ ಒಂಟಿಯಾಗಿ ಉಳಿಯುತ್ತದೆ. ಅಲ್ಲಿ ನಂಬಿದವನೂ ನಂಬದವನೂ ಅಕ್ಕಪಕ್ಕ ಕುಳಿತು ಕೇಳಬಹುದು.

ಎಲ್ಲಿ ಸೋಲುತ್ತದೆ?

ದೋಷಗಳನ್ನೂ ಹೇಳದಿದ್ದರೆ ಇದು ವಿಮರ್ಶೆಯಾಗದು. ಸೊನಾಟಾಗಳ ಮೊದಲು ಶುಭಸಂದೇಶದ ಭಾಗಗಳನ್ನು ಲ್ಯಾಟಿನ್ನಿನಲ್ಲಿ ವಾಚಿಸಲಾಗಿದೆ. ವಾಚನ ಘನವಾಗಿದೆ, ಸ್ಥಳಕ್ಕೆ ತಕ್ಕದ್ದಾಗಿದೆ. ಆದರೆ ಕಾದಿಸಿನಲ್ಲಿ ನಡೆಯುತ್ತಿದ್ದುದು ವಾಚನವೊಂದೇ ಅಲ್ಲ, ವಿವರಣೆ ಕೂಡ. ಆ ವಿವರಣೆಗಾಗಿ ಪುಸ್ತಿಕೆಯನ್ನು ತೆರೆಯಬೇಕು. ಕಣ್ಣು ಮುಚ್ಚಿ ಕೇಳುವವನಿಗೆ ಅದು ದಕ್ಕದು. ಮುದ್ರಿಕೆಯಲ್ಲಿ ಮಾತಿನ ಬೆನ್ನಿಗೇ ಸಂಗೀತ ಬರುತ್ತದೆ, ಸಂಗೀತದ ಬೆನ್ನಿಗೇ ಮಾತು. ಗುರು ಪೀಠದಿಂದ ಇಳಿದು ಮೊಣಕಾಲೂರುವ ಹೊತ್ತು ಇಲ್ಲಿಲ್ಲ. ಯಂತ್ರಕ್ಕೆ ಮೊಣಕಾಲಿಲ್ಲ, ಆ ಹೊತ್ತನ್ನು ಕೇಳುಗನೇ ಗುಂಡಿ ಒತ್ತಿ ನಿಲ್ಲಿಸಿ ತಂದುಕೊಳ್ಳಬೇಕು. ಭೂಕಂಪದಲ್ಲಿಯೂ ನಗಾರಿಯ ಅಬ್ಬರಕ್ಕೆ ತಂತಿಗಳ ಬರವಣಿಗೆ ಕೆಲವೆಡೆ ಮುಚ್ಚಿಹೋಗಿದೆಯೆಂದು ನನ್ನ ಕಿವಿಗೆ ತೋರುತ್ತದೆ.

ಇದು ಪೂಜಾವಿಧಿಯ ಸಂಗೀತವೂ ಅಲ್ಲ. ಪವಿತ್ರ ಗುರುವಾರದ ಮಹಿಮಾಗೀತೆಯ ಬಳಿಕ ಪಾಸ್ಖ ಜಾಗರಣೆಯವರೆಗೆ ವಾದ್ಯಗಳು ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕೆಂಬುದು ಧರ್ಮಸಭೆಯ ನಿಯಮ. ಶುಕ್ರವಾರದ ಆರಾಧನಾವಿಧಿಯೊಳಗೆ ಇದನ್ನು ತುರುಕಬಾರದು. ಮೂರು ಗಂಟೆಗಳ ಧ್ಯಾನಕ್ಕೆ, ಇಲ್ಲವೇ ಮನೆಯ ಏಕಾಂತಕ್ಕೆ ಇದು ಸಲ್ಲುತ್ತದೆ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ಏಳು ಮಾತುಗಳ ಧ್ಯಾನದ ನಡುವೆ ಈ ಮುದ್ರಿಕೆಯನ್ನು ಹಾಕಿಸಿದೆ. ಮೊದಲೆರಡು ಸುಸೂತ್ರವಾಗಿ ನಡೆದವು. ಮೂರನೆಯದರ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಮಗುವೊಂದು ಅತ್ತಿತು. ಜನ ಬೇಸರಗೊಂಡರೆಂದು ಭಾವಿಸಿ ಸನ್ನೆ ಮಾಡಿ ಸಂಗೀತವನ್ನು ಅರ್ಧಕ್ಕೇ ಇಳಿಸಿಸಿದೆ. ಉಳಿದ ನಾಲ್ಕಕ್ಕೂ ಎರಡೆರಡು ನಿಮಿಷ ಸಾಕೆಂದೆ. ಭೂಕಂಪವನ್ನು ಮಾತ್ರ ಪೂರ್ತಿ ಕೇಳಿಸಿದೆವು. ಅದು ಬರಿಯ ಗದ್ದಲವಾಗಿ ಕೇಳಿಸಿತು. ಅಂದು ರಾತ್ರಿ ಯೋಚಿಸಿದಾಗ ತಿಳಿಯಿತು, ಬೇಸರಗೊಂಡದ್ದು ಜನರಲ್ಲ. ಜನರು ಮೊಣಕಾಲಮೇಲೆಯೇ ಇದ್ದರು. ಮಾತಿಲ್ಲದ ಹತ್ತು ನಿಮಿಷಗಳನ್ನು ತಾಳಲಾರದವನು ನಾನೇ ಆಗಿದ್ದೆ. ಪ್ರತಿ ಮೌನವನ್ನೂ ಮಾತಿನಿಂದ ತುಂಬುವುದು ನಮ್ಮ ವೃತ್ತಿಯ ರೋಗ. ಹೈಡನ್ ಬರೆದದ್ದು ಪ್ರವಚನಕಾರನು ಬಾಯಿ ಮುಚ್ಚಿಕೊಂಡು ಮಂಡಿಯೂರಬೇಕಾದ ಹೊತ್ತಿಗಾಗಿ. ಆ ಹೊತ್ತನ್ನೇ ನಾನು ಕತ್ತರಿಸಿದ್ದೆ.

ಮರುವರ್ಷ ಆ ಮೂರು ಗಂಟೆಗಳಲ್ಲಿ ನನ್ನ ಮಾತನ್ನು ಅರ್ಧ ಮಾಡಿ ಸಂಗೀತವನ್ನು ಪೂರ್ತಿ ಬಿಟ್ಟೆ. ಯಾರೂ ಎದ್ದುಹೋಗಲಿಲ್ಲ.

ತರಬೇತಿಯೇ ಇಲ್ಲದ ಕೇಳುಗನ ಮನಸ್ಸನ್ನೂ ಆಳವಾಗಿ ತಟ್ಟುವಂತೆ ಬರಿಯ ವಾದ್ಯಗಳಲ್ಲಿ ಆ ಮಾತುಗಳನ್ನು ಮೂಡಿಸಿದ್ದೇನೆಂದು ಹೈಡನ್ 1787ರಲ್ಲಿ ಲಂಡನ್ನಿನ ಪ್ರಕಾಶಕರೊಬ್ಬರಿಗೆ ಬರೆದಿದ್ದರು. ಅವರು ಈ ಕೃತಿಯನ್ನು ಬಿಡಲಿಲ್ಲ. ನಾಲ್ಕು ತಂತಿವಾದ್ಯಗಳಿಗೆ ಅಳವಡಿಸಿದರು, 1796ರಲ್ಲಿ ಗಾಯನರೂಪಕ್ಕೆ ತಂದರು. 1803ರ ಡಿಸೆಂಬರ್ 26ರಂದು ವಿಯೆನ್ನಾದಲ್ಲಿ ಅವರು ಕೊನೆಯ ಬಾರಿ ಸಾರ್ವಜನಿಕವಾಗಿ ವಾದ್ಯವೃಂದದ ಮುಂದೆ ನಿಂತಾಗ ನಡೆಸಿದ್ದೂ ಈ ಏಳು ಮಾತುಗಳನ್ನೇ.

ಸಂಗೀತಶಾಸ್ತ್ರದ ಪರಿಚಯವಿಲ್ಲದ ಓದುಗರು ಇದನ್ನು ಕೇಳಲು ಹಿಂಜರಿಯಬೇಕಾಗಿಲ್ಲ. ಬರುವ ತಪಸ್ಸುಕಾಲದಲ್ಲಿ ದಿನಕ್ಕೊಂದರಂತೆ ಏಳು ದಿನ ಒಂದೊಂದು ಮಾತನ್ನು ಓದಿ, ಆಮೇಲೆ ಆ ಭಾಗವನ್ನು ಕೇಳಿರಿ. ಎಂಟನೆಯ ದಿನ ಒಟ್ಟಿಗೆ ಕುಳಿತು ಎಲ್ಲವನ್ನೂ ಕೇಳಿರಿ. ನಡುವೆ ಎದ್ದು ಹೋಗಬೇಕೆನಿಸುತ್ತದೆ. ಆಗ ಎದ್ದು ಹೋಗಬೇಡಿರಿ.